ನಾಲಿಗೆಯ ಮೇಲೆ ಒಂದು ಕೆಂಪು ಎಳೆ

ನಾಲಿಗೆಯ ತುದಿಗೆ ಏನೋ ಅಂಟಿಕೊಂಡಿದೆ, ಕೂದಲೋ, ಅಲ್ಲ, ಕೂದಲಿಗಿಂತ ಮೆತ್ತಗೆ, ನೂಲು, ನೂಲೇ ಇದು, ಬೆಳಿಗ್ಗೆ ಆರಕ್ಕೆ ಮನೆಯ ಮಗ್ಗದ ಲಾಳಿಗೆ ತುಟಿ ಹಚ್ಚಿ ಉಸಿರೆಳೆದಾಗ ಬಂದದ್ದು — ನಲವತ್ತು ವರ್ಷದಿಂದ ದಿನಕ್ಕೆ ಎಷ್ಟು ಸಲವೋ ಚನಮಲ್ಲಪ್ಪ ಹೀಗೇ ಎಳೆದುಕೊಂಡಿದ್ದಾನೆ, ನೂಲು ಸುತ್ತಿದ ಕಂಡಿಕೆ ಮುಗಿದರೆ ಲಾಳಿಯಲ್ಲಿ ಹೊಸ ಕಂಡಿಕೆ ಇಟ್ಟು ಪಕ್ಕದ ಸಣ್ಣ ತೂತಿಗೆ ಬಾಯಿ ಹಚ್ಚಿ ನೂಲಿನ ತುದಿಯನ್ನು ಹೀರಿ ಹೊರಗೆ ತರುವುದು, ನೇಕಾರನಾದವನು ಇದನ್ನು ಯೋಚಿಸಿ ಮಾಡುವುದಿಲ್ಲ, ಕೆಮ್ಮು ಬಂದಾಗ ಕೆಮ್ಮಿದ ಹಾಗೆ — ಆದರೆ ಇವತ್ತು ಬಂದದ್ದು ನೂಲೊಂದೇ ಅಲ್ಲ, ಕಂಡಿಕೆ ನೀರಿನ ಬಟ್ಟಲಿನಲ್ಲಿ ನೆನೆದಿತ್ತು, ನೂಲಿನ ಬೆನ್ನಿಗೇ ನೀರೂ ಬಂತು, ಗುಟುಕ್ ಎಂದು ಗಂಟಲಲ್ಲಿ ಇಳಿದೂ ಹೋಯಿತು, ಇಳಿದ ಮೇಲೆ ನೆನಪಾಯಿತು ನಿನ್ನೆ ಇದೇ ಜಮಖಂಡಿಯ ಆಸ್ಪತ್ರೆಯಲ್ಲಿ ನರ್ಸು ಹೇಳಿದ್ದು, ರಾತ್ರಿ ಹತ್ತರ ಮ್ಯಾಗ ಒಂದ ಹನಿ ನೀರ ಸೈತ ಬಾಯಾಗ ಹೋಗಬಾರದ ನೋಡ್ರಿ ಅಜ್ಜಾರ, ಅದಕ್ಕೆ ಹೆಂಡತಿ ಮುತ್ತವ್ವ, ನಾ ಅದೇನಿ ಬಿಡ್ರಿ, ಕಾಯತೇನಿ ಅಂದಿದ್ದಳು, ಕಾದೂ ಕಾದಳು, ಅಡುಗೆಮನೆಯ ಕೊಡ ಖಾಲಿ ಮಾಡಿ ಬೋರಲು ಹಾಕಿದಳು, ಕುಡಿಯುವ ತಂಬಿಗೆಯನ್ನು ಅಟ್ಟದ ಮೇಲಿಟ್ಟಳು, ಪಾಪ, ಮಗ್ಗದ ಪಕ್ಕದ ಬಟ್ಟಲು ಅವಳ ಲೆಕ್ಕಕ್ಕೆ ಬರಲಿಲ್ಲ. ಈಗ ಆಸ್ಪತ್ರೆಯಲ್ಲಿ ಒಂಬತ್ತು ಗಂಟೆ. ಹಿಂದೆ ಲಾಡಿ ಕಟ್ಟುವ ಹಸಿರು ಅಂಗಿ ತೊಡಿಸಿ ಮಂಚದ ಮೇಲೆ ಮಲಗಿಸಿದ್ದಾರೆ, ಹತ್ತಕ್ಕೆ ಒಳಗೆ ಒಯ್ಯುತ್ತಾರೆ, ಪಿತ್ತಕೋಶ ತೆಗೆಯುತ್ತಾರೆ, ಉಗುಳೋಣವೆಂದರೆ ಪಕ್ಕದ ಸ್ಟೂಲಿನ ಮೇಲೆ ಮುತ್ತವ್ವ ಕೂತಿದ್ದಾಳೆ, ಉಗುಳಿದರೆ ನೋಡುತ್ತಾಳೆ, ನೋಡಿದರೆ ತಿಳಿಯುತ್ತದೆ, ಯಾಕೆಂದರೆ ಈ ನೂಲು ಕೆಂಪು, ಕೆಂಪೆಂದರೆ ಸೆರಗು, ಸೆರಗಿಗೆ ಕೈ ಹಚ್ಚಬೇಡ್ರಿ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು.

ಹೇಳಿದ್ದು ಯಾವಾಗ, ಮೊನ್ನೆ, ಸೀರೆಯ ಮೈ ನೇಯ್ದು ಮುಗಿದಾಗ, ಸೆರಗಿನ ಬುಡಕ್ಕ ನಿಲ್ಲಸ್ರಿ, ಸೆರಗ ಆಪರೇಶನ್ ಮಾಡಿಸ್ಕೊಂಡ ಬಂದ ಮ್ಯಾಗ ನೇಯೂಣಂತ, ಅಂದಳು, ರೊಟ್ಟಿ ಬಡಿಯುತ್ತ ಅಂದಳು, ದೊಡ್ಡ ಮಾತುಗಳನ್ನೆಲ್ಲ ಅವಳು ರೊಟ್ಟಿ ಬಡಿಯುತ್ತಲೇ ಅನ್ನುವುದು, ಎದುರಿನವನಿಗೆ ವಾದ ಮಾಡಲು ಜಾಗ ಇರುವುದಿಲ್ಲ. ಆ ರೊಟ್ಟಿಗೆ ಎರಡು ತಿಂಗಳಿನಿಂದ ಎಣ್ಣೆಯ ಪಲ್ಯ ಇಲ್ಲ, ಶೇಂಗಾ ಹಿಂಡಿ ಇಲ್ಲ, ಬೇಯಿಸಿದ ಹೀರೇಕಾಯಿ, ನೀರಿನಂಥ ಬೇಳೆ, ಇವನಿಗೆ ಪಥ್ಯ ಅಂದರೆ ಅವಳಿಗೂ ಪಥ್ಯ, ನೀ ಯಾಕ ಹಿಂಗ ಉಣ್ಣತೀ, ನಿನಗೇನ ಹಳ್ಳ ಆಗ್ಯಾವೇನ ಅಂದರೆ, ಒಲಿ ಒಂದ ಐತಿ, ಎರಡ ಅಡಗಿ ಯಾರ ಮಾಡ್ಯಾರ, ಅಂದಳು, ಅಷ್ಟೇ, ದೊಡ್ಡ ತ್ಯಾಗ ಮಾಡಿದವರ ಮುಖ ಮಾಡಲಿಲ್ಲ, ಎಣ್ಣೆ ಬದನೆಕಾಯಿ ಎಂದರೆ ಪ್ರಾಣ ಬಿಡುವ ಹೆಣ್ಣುಮಗಳು. ಹಳ್ಳು, ಅಂದರೆ ಪಿತ್ತದ ಕಲ್ಲು, ಎಂದು ಗೊತ್ತಾಗಿ ಎರಡು ವರ್ಷ, ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಬಲಪಕ್ಕೆ ಹಿಡಿದುಕೊಂಡು ಕುಸಿದು ಕೂತಿದ್ದ ಆ ದಿನದಿಂದ, ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದ ತುಂಬ ಹಳ್ಳು, ಈ ಆಸ್ಪತ್ರೆಯ ಡಾಕ್ಟರ್ ಮಲ್ಲಿನಾಥರು ಅವತ್ತೇ ಹೇಳಿದ್ದರು, ಚೀಲಾನ ತೆಗೀಬೇಕಾಗತೈತ್ರಿ, ದುರ್ಬೀನ್ ಆಪರೇಶನ್, ಮೂರ-ನಾಕ ಸಣ್ಣ ತೂತ ಅಷ್ಟ. ಇವನು ಬಿಡಬೇಕಲ್ಲ, ಹಳ್ಳ ತೆಗೀರಿ, ಚೀಲ ಯಾಕ ತೆಗೀತೀರಿ, ಅರಿವ್ಯಾಗ ಗಂಟ ಬಂದ್ರ ಗಂಟ ಬಿಚ್ಚತೇವ್ರಿ ನಾವು, ಅರಿವಿ ಕೊಯ್ದ ಒಗ್ಯಾಂಗಿಲ್ಲ, ಎಂದು ಡಾಕ್ಟರಿಗೇ ಪಾಠ ಹೇಳಿದ, ಅವರು ನಗಲಿಲ್ಲ, ದೊಡ್ಡ ಮನುಷ್ಯ, ಚೀಟಿಯ ಹಿಂದೆ ಚೀಲದ ಚಿತ್ರ ಬರೆದರು, ಅರಿವಿ ಛಲೋ ಇದ್ರ ಗಂಟ ಬಿಚ್ಚಬೇಕ ಖರೆ, ಈ ಚೀಲಾನ ಗಂಟ ಮಾಡಾಕತ್ತೈತಿ, ಇದನ್ನ ಬಿಟ್ರ ಮತ್ತ ಮಾಡತೈತಿ, ಅಂದರು. ಮಾತು ಸರಿಯಾಗಿಯೇ ಇತ್ತು, ಸರಿಯಾದ ಮಾತು ಕೇಳಿಸಿಕೊಂಡು ಚನಮಲ್ಲಪ್ಪ ನೇರ ಬೀಳಗಿಗೆ ಹೋದ, ಅಲ್ಲಿ ಗೆಳೆಯ ಜಕ್ಕಪ್ಪನ ಮನೆಮದ್ದು, ಎಣ್ಣೆ, ನಿಂಬೆರಸ, ಮೂರು ದಿನದ ಉಪವಾಸ, ಕಡೆಗೆ ಹಸಿರು ಗುಳಿಗೆಯಂಥವು ಹೊರಗೆ ಬಂದವು, ನೋಡು ಹಳ್ಳು ಉದುರಿದವು ಎಂದು ಗಾಜಿನ ಬಾಟಲಿಗೆ ಹಾಕಿ ತಂದು ಕಿಟಕಿಯಲ್ಲಿ ಇಟ್ಟು ಓಣಿಗೆಲ್ಲ ತೋರಿಸಿದ, ಓಣಿಯೆಲ್ಲ ಹೌದೆಂದಿತು, ಮುತ್ತವ್ವ ಒಬ್ಬಳು ಒಂದನ್ನು ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಒತ್ತಿದಳು, ಅದು ಸಾಬೂನಿನಂತೆ ಚಪ್ಪಟೆಯಾಯಿತು, ಹಳ್ಳ ಹಿಂಗ ಮೆತ್ತಗ ಇರತಾವೇನ್ರಿ, ಅಂದಳು, ಎಣ್ಣಿ ಗಟ್ಟಿಯಾದಂಗ ಕಾಣತೈತಿ, ಅಂದು ಬೆರಳು ಸೆರಗಿಗೆ ಒರೆಸಿಕೊಂಡು ಹೋದಳು. ಮೂರನೇ ದಿನಕ್ಕೆ ಬಿಸಿಲಿನಲ್ಲಿ ಬಾಟಲಿಯ ಹಳ್ಳೆಲ್ಲ ಕರಗಿ ತಳದಲ್ಲಿ ಎಣ್ಣೆಯಾಗಿ ನಿಂತಿತು, ಅವಳು ಬಾಟಲಿ ತೊಳೆದು ಜೀರಿಗೆ ತುಂಬಿದಳು.

ಆ ಎರಡು ಬೆರಳು, ಈಗಲೂ ನೋಡು, ಸ್ಟೂಲಿನ ಮೇಲೆ ಕೂತೇ ಆಡುತ್ತಿವೆ, ಹೆಬ್ಬೆರಳ ಮೇಲೆ ತೋರುಬೆರಳು, ಒಂದು ಸಲ ಹೊಸೆದು ಬಿಡುವುದು, ಮತ್ತೆ ಹೊಸೆಯುವುದು, ನೂಲಿಲ್ಲದೆಯೇ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಅದರ ಕೊನೆಯ ಗೇಣು ನೇಯುವುದಿಲ್ಲ, ಕೊಯ್ಯುವುದೂ ಇಲ್ಲ, ಹಣಿಗೆಯ ಹಲ್ಲುಗಳಲ್ಲಿ ಹಾಗೇ ಬಿಡಬೇಕು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗೆ ಹೊಸೆದು ಕೂಡಿಸಿದರೆ ಮಗ್ಗ ಮತ್ತೆ ನಡೆಯುತ್ತದೆ, ರಬಕವಿಯ ಅವರ ಓಣಿಯಲ್ಲಿ ಹಾಗೆ ಕೂಡಿಸುವುದರಲ್ಲಿ ಮುತ್ತವ್ವನನ್ನು ಮೀರಿಸಿದವರಿಲ್ಲ, ಎರಡು ಸಾವಿರದ ನಾನೂರು ಎಳೆ, ಒಂದು ಜಾರುವುದಿಲ್ಲ, ಒಂದು ಹಾರುವುದಿಲ್ಲ, ಸೀರೆ ಹೊರಗೆ ಹೋಗುವುದು ಮಾತ್ರ ಚನಮಲ್ಲಪ್ಪನ ಸೀರೆ ಎಂದು, ಅವನೂ ಹೌದೆಂದು ಮೀಸೆ ತಿರುವಿಕೊಂಡು ಓಡಾಡಿದ್ದೇ. ಅಪ್ಪ ಸತ್ತಾಗ ಮಾತ್ರ ಆ ತುದಿಯನ್ನು ಕೊಯ್ದಿದ್ದರು, ನೇಯುವವನು ಇಲ್ಲ ಎಂದು, ಮಗ್ಗ ಬಾಯಿ ತೆರೆದು ಕೂತಿತ್ತು, ಹದಿನಾರರ ಚನಮಲ್ಲಪ್ಪ ಅದನ್ನು ನೋಡಲಾರದೆ ಹೊರಗೆ ಹೋಗಿದ್ದ — ಅಂಥದನ್ನೇ ಇವನು ಎರಡು ತಿಂಗಳ ಹಿಂದೆ ಮಾಡಿದ. ಒಂದು ಹಳ್ಳು ಚೀಲದಿಂದ ಜಾರಿ ಪಿತ್ತದ ನಾಳದಲ್ಲಿ ಸಿಕ್ಕಿಕೊಂಡಿತ್ತು, ಕಣ್ಣು ಅರಿಸಿನವಾಯಿತು, ಮೂತ್ರ ಚಹಾದ ಬಣ್ಣ, ಮೈಯೆಲ್ಲ ತುರಿಕೆ, ಕಾಮಣಿ ಅಂದರು, ಬಾಗಲಕೋಟಿಗಿ ಒಯ್ರಿ ಅಂದರು, ಅಳಿಯ ಸುಭಾಷ್ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ್ದ, ಮುತ್ತವ್ವ ಚೀಲ ತುಂಬುತ್ತಿದ್ದಳು, ಆ ಹೊತ್ತಿನಲ್ಲಿ ಇವನು ಕತ್ತರಿ ತೆಗೆದುಕೊಂಡು ಮಗ್ಗದ ಕುಣಿಗೆ ಇಳಿದು, ತಿರುಗಿ ಬರುವುದಿಲ್ಲ, ಅವಳು ಯಾರಿಗೋ ಹೇಳಿ ಕೊಯ್ಯಿಸುವುದು ಬೇಡ, ನಾನೇ ಕೊಯ್ದು ಹೋಗುತ್ತೇನೆ, ಎಂದು ಕರಕರ ಕೊಯ್ದ, ಎರಡು ಸಾವಿರದ ನಾನೂರು ಎಳೆಯನ್ನೂ ಹಣಿಗೆಯಿಂದ ಎಳೆದು ಹಾಕಿದ, ನೆಲದ ಮೇಲೆ ಬೋಳಿಸಿದ ಕೂದಲಿನ ರಾಶಿಯ ಹಾಗೆ ಬಿತ್ತು, ಹೆದರಿದವನು ಮಾಡುವ ಕೆಲಸ, ಉಪಕಾರವೆಂದುಕೊಂಡು ಮಾಡಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಸುಭಾಷನ ಜೊತೆ ಕಳಿಸಿದಳು, ನಾ ಬರಾಂಗಿಲ್ಲ, ಮನ್ಯಾಗ ಕೆಲಸ ಐತಿ, ಅಂದಳು — ಮುಧೋಳ ದಾಟುವವರೆಗೂ ಇವನಿಗೆ ಅದೇ ಸಿಟ್ಟು, ಗಂಡ ಸಾಯಲು ಹೊರಟಾಗ ಮನೆಯಲ್ಲಿ ಏನು ಕೆಲಸ.

ಬಾಗಲಕೋಟೆಯಲ್ಲಿ ಕೊಯ್ಯಲೇ ಇಲ್ಲ, ಅದೇ ಅವನಿಗೆ ಇನ್ನೂ ಬೆರಗು, ಬಾಯಿಯಿಂದ ನಳಿಕೆ ಇಳಿಸಿ, ಟಿವಿಯಂಥ ಪರದೆಯಲ್ಲಿ ನೋಡುತ್ತ, ಒಳಗಿನ ಆ ಎಳೆಯಂಥ ನಾಳಕ್ಕೆ ಹೊಕ್ಕು, ಸಿಕ್ಕಿಕೊಂಡ ಹಳ್ಳನ್ನು ಎಳೆದು ಬಿಟ್ಟರಂತೆ, ನೇಯ್ದ ಬಟ್ಟೆಯ ನಡುವಿನ ಗಂಟನ್ನು ಸೂಜಿಯ ಮೊನೆಯಲ್ಲಿ ಎತ್ತಿದಂತೆ, ಎಚ್ಚರವಾದ ಮೇಲೆ ಸುಭಾಷ್ ಹೇಳಿದಾಗ ಚನಮಲ್ಲಪ್ಪ ಆ ಡಾಕ್ಟರ ಕೈಯನ್ನೇ ನೋಡುತ್ತ ಕೂತಿದ್ದ, ಕೈ ಅಂದರೆ ಕೈ, ಎಲ್ಲ ಕಸುಬಿನಲ್ಲೂ ಇಂಥ ಕೈ ಇರುತ್ತವೆ ಅಂದುಕೊಂಡ. ಅವರೂ ಹೇಳಿದರು, ನಾಳದಾಗಿಂದ ತಗದೇವಿ, ಚೀಲದಾಗ ಇನ್ನೂ ಅದಾವು, ಅದನ್ನ ಜಲ್ದಿ ತೆಗಿಸ್ರಿ, ಮತ್ತ ಜಾರಿದ್ರ ಈ ಸಲದಂಗ ಸುಲಭ ಆಗಾಂಗಿಲ್ಲ. ನಾಲ್ಕನೇ ದಿನ ಮನೆಗೆ ಬಂದರೆ, ಮಗ್ಗ ತುಂಬಿ ನಿಂತಿದೆ. ತುದಿ ಇಲ್ಲದ ಮಗ್ಗ, ಕೂಡಿಸಲು ಹಳೆಯ ಎಳೆ ಇಲ್ಲದ ಮಗ್ಗ, ಅಂದರೆ ಮೊದಲಿನಿಂದ, ಒಂದೊಂದು ಎಳೆಯನ್ನೂ ಮಗ್ಗದ ಒಂದೊಂದು ಕಣ್ಣಿನಲ್ಲಿ ಪೋಣಿಸಿ, ಹಣಿಗೆಯ ಒಂದೊಂದು ಸಂದಿನಿಂದ ಎಳೆದು, ನೆರೆಮನೆಯ ಸೋಮವ್ವ ಹಿಂದೆ ಕೂತು ಎಳೆ ಎತ್ತಿಕೊಟ್ಟಳಂತೆ, ಮುತ್ತವ್ವ ಮುಂದೆ ಕೂತು ಮೂರು ದಿನ, ಇದೇ ಆ ಮನೆಗೆಲಸ. ನೇಯ್ದಿರಲಿಲ್ಲ, ಒಂದು ಹೊಡೆತವೂ ಹೊಡೆದಿರಲಿಲ್ಲ, ಹಾಸ ಏರಿಸೀನಿ, ಮೊದಲನೇ ಹೊಡತ ನೀವ ಹೊಡೀರಿ, ಅಂದಳು, ನೀವ ಕೊಯ್ದದ್ದಕ್ಕ ಅಂತ ಅನ್ನಲಿಲ್ಲ, ಯಾಕ ಕೊಯ್ದಿರಿ ಅಂತ ಕೇಳಲಿಲ್ಲ. ಇವನೇನು ಮಾಡಿದ, ಕನ್ನಡಕ ಹಾಕಿಕೊಂಡು ಎರಡು ದಿನ ಆ ಹಾಸಿನಲ್ಲಿ ತಪ್ಪು ಹುಡುಕಿದ, ಒಂದಾದರೂ ಎಳೆ ಹಾರಿರಬೇಕು, ಒಂದಾದರೂ ಕಣ್ಣು ತಪ್ಪಿರಬೇಕು, ಸಿಗಲಿಲ್ಲ, ಸಿಗದಿದ್ದಾಗ ಬಾಯಿಗೆ ಬಂದ ಮಾತು ಬೇರೆ ಇತ್ತು, ಆಡಿದ್ದು ಬೇರೆ, ಒಂದೀಟ ಚಾ ಮಾಡ, ಅಂದ.

ಆ ಆಡದ ಮಾತು ಇವತ್ತು ಹತ್ತರೊಳಗೆ ಆಡಬೇಕು, ಇಲ್ಲವೆಂದರೆ, ಇಲ್ಲವೆಂದರೆ ಏನು, ಆ ಯೋಚನೆ ಬೇಡ, ಅದೇ ಯೋಚನೆ ಬೆಳಿಗ್ಗೆ ಬಂದಿತ್ತು, ಬಾರದೇ ಹೋದರೆ ಸೆರಗಿಲ್ಲದ ಸೀರೆ ಉಳಿಯುತ್ತದಲ್ಲ ಎಂದು ಮಗ್ಗಕ್ಕೆ ಇಳಿದು ಕೆಂಪು ಕಂಡಿಕೆ ಹಾಕಿದ್ದು, ನಾಲ್ಕೇ ಹೊಡೆತ ಹೊಡೆದದ್ದು. ಮತ್ತೆ ಈಗ ನಾಲಿಗೆಯ ಮೇಲಿನ ಎಳೆ ಹೇಳುತ್ತಿದೆ, ಲೇ ಚನಮಲ್ಲ, ನೀರು ಕುಡಿದೆ ಎಂದುಬಿಡು, ಇವತ್ತು ಒಯ್ಯುವುದಿಲ್ಲ, ಮನೆಗೆ ಕಳಿಸುತ್ತಾರೆ, ಸುಮ್ಮನೆ ಒಂದು ಗುಟುಕು ನೀರಿನ ಮೇಲೆ ಪಾರಾಗುತ್ತೀ — ನಾಚಿಕೆಯಾಯಿತು ಅವನಿಗೆ, ಖರೆಯನ್ನೂ ಕಳ್ಳತನಕ್ಕೆ ಹಚ್ಚುವ ಮನಸ್ಸು. ಅಷ್ಟರಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದಳು, ಸಂಘಮಿತ್ರಾ, ರನ್ನ ಬೆಳಗಲಿಯ ಹುಡುಗಿ, ಮುತ್ತವ್ವ ಆಗಲೇ ಊರು ಕೇಳಿ ತಿಳಿದುಕೊಂಡಿದ್ದಾಳೆ, ನಾಡಿ ನೋಡಿದಳು, ಬಾಯಿ ತೆರೆಸಿ ಹಲ್ಲು ನೋಡಿದಳು, ಯಜಮಾನ್ರ, ರಾತ್ರಿ ಹತ್ತರಿಂದ ಏನರ ತಿಂದದ್ದು, ಕುಡದದ್ದು ಐತೇನ್ರಿ, ಇದ್ರ ಹೇಳಿಬಿಡ್ರಿ, ನಿದ್ದಿ ಬರಿಸಿದಾಗ ಹೊಟ್ಟ್ಯಾಗಿಂದ ಮ್ಯಾಲೆ ಬಂದ ಶ್ವಾಸಕ್ಕ ಹೊಕ್ಕರ ತ್ರಾಸ ಆಗತೈತಿ. ಏನಿಲ್ಲರಿ, ಅಂದುಬಿಟ್ಟ ಚನಮಲ್ಲಪ್ಪ. ಅಂದ ಬಾಯಿ ಮುಚ್ಚುವ ಮೊದಲೇ ಮುತ್ತವ್ವ ಸ್ಟೂಲಿನಿಂದ ಎದ್ದಳು, ಬಾಗಿದಳು, ಮಾತಿನ ಜೊತೆ ಜಾರಿ ಅವನ ಕೆಳತುಟಿಗೆ ಬಂದದ್ದನ್ನು ಎರಡು ಬೆರಳಲ್ಲಿ ಎತ್ತಿದಳು, ಬೆಳಕಿಗೆ ಹಿಡಿದಳು, ಕೆಂಪು. ಡಾಕ್ಟರಮ್ಮನ ಕಡೆ ನೋಡಲಿಲ್ಲ, ಇವನನ್ನು ನೋಡಿದಳು, ಬೈಯುವ ಕಣ್ಣಲ್ಲ, ಕೇಳುವ ಕಣ್ಣೂ ಅಲ್ಲ, ಮೊದಲನೇ ಹೊಡೆತ ನೀವೇ ಹೊಡೀರಿ ಎಂದಾಗ ಇದ್ದ ಕಣ್ಣು, ಸೀರೆ ಇನ್ನೂ ಮಗ್ಗದ ಮೇಲಿದೆ, ನಾಲ್ಕು ಹೊಡೆತದ ಸೆರಗು, ಅದನ್ನು ಮುಗಿಸಬೇಕಾದವನು ಒಳಗೆ ಸುಳ್ಳು ಇಟ್ಟುಕೊಂಡು ಹೋಗಬಾರದು, ತಿರುಗಿ ಬರಬೇಕಾದವನು ಹೇಳಿ ಹೋಗಬೇಕು, ಬೇಕು, ಬರಬೇಕು — ಡಾಕ್ಟರಮ್ಮಾರ, ಅಂದ, ತಪ್ಪಾಗೇತ್ರಿ, ಮುಂಜಾನಿ ಆರಕ್ಕ ಲಾಳ್ಯಾಗ ನೂಲ ಜಗ್ಗೀನಿ ಬಾಯಿಲೆ, ಒಂದ ಗುಟಕ ನೀರ ಒಳಗ ಹೋಗೇತಿ.

ಸಂಘಮಿತ್ರಾ ಮುತ್ತವ್ವನ ಬೆರಳಿನ ಎಳೆ ನೋಡಿದಳು, ಇಷ್ಟ ವರ್ಷದಾಗ ಚಾ ಕುಡದವ್ರನ್ನ ನೋಡೀನಿ, ಬಿಸ್ಕೀಟ್ ತಿಂದವ್ರನ್ನ ನೋಡೀನಿ, ಅಂದಳು, ನೂಲ ಕುಡದವ್ರನ್ನ ಇವತ್ತ ನೋಡಿದ್ನಿ, ನಕ್ಕು, ಮತ್ತೆ ಗಂಭೀರವಾಗಿ, ಛಲೋ ಮಾಡಿದ್ರಿ ಹೇಳಿದ್ದು, ಬರೇ ನೀರಂದ್ರ ಇಷ್ಟೊತ್ತಿಗೆ ಇಳದಿರತೈತಿ, ಆದ್ರೂ ಮೊದಲ ಇನ್ನೊಬ್ಬರನ್ನ ಒಳಗ ತಗೋತೇವಿ, ನಿಮ್ಮದು ಹನ್ನೆರಡಕ್ಕ. ಹನ್ನೆರಡಕ್ಕೆ, ಇವತ್ತೇ, ಪಾರಾಗುವ ದಾರಿ ಮುಚ್ಚಿತು, ಮುಚ್ಚಿದ್ದಕ್ಕೆ ಬೇಸರವಾಗಲಿಲ್ಲ, ಅದೇ ವಿಚಿತ್ರ, ಎರಡು ತಾಸು ಹೆಚ್ಚಿಗೆ ಸಿಕ್ಕಿತು, ಪಕ್ಕದ ಮಂಚಗಳು, ಫ್ಯಾನು, ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರು, ಮುತ್ತವ್ವನ ಕೆನ್ನೆಯ ಮೇಲೆ ಬಿಸಿಲಿನ ಚೂರು, ಇವಳಿಗೆ ಯಾವಾಗ ಇಷ್ಟು ಕೂದಲು ಬೆಳ್ಳಗಾಯಿತು. ಏನ, ಕೇಳತೀ, ಅಂದ, ನೀ ಏರಿಸಿದ ಹಾಸಿನಾಗ ಒಂದ ಎಳಿ ಸೈತ ತಪ್ಪಿಲ್ಲ. ಗೊತ್ತ, ಅಂದಳು, ಕನ್ನಡಕ ಹಾಕ್ಕೊಂಡ ಎರಡ ದಿನ ಹುಡಕೀರಲ್ಲ, ಸಿಕ್ಕಿದ್ರ ಸುಮ್ಮನ ಬಿಡತಿದ್ದಿರೇನ. ನನಗ ಬರಾಂಗಿಲ್ಲ ಅದು, ನನ್ನ ಕೈಲೆ ಆಗತಿರಲಿಲ್ಲ, ಅಂದ. ಅವಳು ತಲೆ ತಗ್ಗಿಸಿ, ಸೆರಗ ಎಷ್ಟ ನೇಯ್ದೀರಿ, ಅಂದಳು. ನಾಕ ಹೊಡತ. ಉಳದದ್ದ ನೀವ ನೇಯಬೇಕ, ನಾ ಕೈ ಹಚ್ಚಾಂಗಿಲ್ಲ, ಸೋಮವ್ವಗೂ ಮುಟ್ಟಗೊಡಾಂಗಿಲ್ಲ, ಎಷ್ಟ ದಿನ ಆದ್ರೂ ಹಂಗ ಇರತೈತಿ, ಅಂದಳು, ದನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು, ಅಷ್ಟೇ ಸ್ವಲ್ಪ.

ಹನ್ನೆರಡು, ಗಾಲಿಯ ಮಂಚ, ಮೇಲೆ ಲೈಟುಗಳು ಒಂದೊಂದಾಗಿ ಹಿಂದೆ ಹೋಗುತ್ತವೆ, ಮುತ್ತವ್ವ ಪಕ್ಕದಲ್ಲೇ ನಡೆಯುತ್ತಾಳೆ, ಬಾಗಿಲವರೆಗೆ, ಅಲ್ಲಿಂದ ಆಚೆ ಬಿಡುವುದಿಲ್ಲ, ಬಾಗಿಲಿನ ಗಾಜಿನಲ್ಲಿ ಅವಳು, ಕೈಯಲ್ಲಿ ಆ ಕೆಂಪು ಎಳೆ ಇನ್ನೂ ಇದೆ, ಬಿಸಾಡಿಲ್ಲ, ತನ್ನ ಸೆರಗಿನ ಅಂಚಿನಲ್ಲಿ ಬಿಚ್ಚಿಕೊಂಡ ಒಂದು ಎಳೆಗೆ ಅದನ್ನು ಕೂಡಿಸುತ್ತಿದ್ದಾಳೆ, ನೋಡದೆಯೇ, ಕಣ್ಣು ಇವನ ಮೇಲಿಟ್ಟು — ಒಳಗೆ ತಣ್ಣಗಿದೆ, ಮಲ್ಲಿನಾಥ ಡಾಕ್ಟರು ಕೈ ತೊಳೆಯುತ್ತಿದ್ದಾರೆ, ಉದ್ದ ಬೆರಳು, ಒಳ್ಳೆಯ ಕೈ, ತೆಗೀರಿ ಚೀಲ, ತಕರಾರಿಲ್ಲ, ಸಂಘಮಿತ್ರಾ ಮುಖಕ್ಕೆ ಮಾಸ್ಕ್ ಹಿಡಿದಳು, ಉದ್ದಕ ಉಸರ ಜಗ್ಗರಿ ಯಜಮಾನ್ರ, ನೂಲ ಜಗ್ಗಿದಂಗ ಜಗ್ಗರಿ, ಜಗ್ಗಿದ, ಸಿಹಿಯೋ ಕಹಿಯೋ ತಿಳಿಯದ ಗಾಳಿ, ಮತ್ತೆ ಜಗ್ಗಿದ, ನಾಲ್ಕು ಹೊಡೆತದ ಸೆರಗು, ಐದನೆಯದು, ಐದನೆಯದು ನಾನೇ, ಗಾಜಿನಾಚೆ ಹೆಬ್ಬೆರಳ ಮೇಲೆ ತೋರುಬೆರಳು, ಹೊಸೆಯುತ್ತಿದೆ, ಕೆಂಪು ಎಳೆ, ಹೊಸೆಯುತ್ತಿದೆ, ಬಿಟ್ಟಿಲ್ಲ, ಹೆಬ್ಬೆರಳು, ತೋರುಬೆರಳು, ನಡುವೆ ಆ ಕೆಂಪು ಎಳೆ