ನೋವಿಲ್ಲದ ಗಾಯ

“ನನಗೆಲ್ಲಿಂದ ಬಂತು ಇದು?”

ಗಡಹಿಂಗ್ಲಜದ ದವಾಖಾನೆಯ ಬೆಂಚಿನ ಮೇಲೆ ಕೂತು ರುತುಜಾ ಆಡಿದ ಈ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಸಿಫಿಲಿಸ್ ಎಂದು ಬಂದಿತ್ತು. ತಪ್ಪಿದ್ದರೂ ಇರಬಹುದೆಂದು ಇನ್ನೊಂದು ಪರೀಕ್ಷೆ ಮಾಡಿದರು. ಅದೂ ಅದನ್ನೇ ಹೇಳಿತು. ಗಂಡನ ಹೊರತು ಇನ್ನೊಬ್ಬನನ್ನು ಅರಿಯದ ಜೀವ. ಕೊರಳ ಲಿಂಗವನ್ನು ಸೆರಗಿನೊಳಗೇ ಬಿಗಿಯಾಗಿ ಹಿಡಿದುಕೊಂಡಳು.

ಇಚಲಕರಂಜಿಯ ಮಗ್ಗದ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಗಂಡ ಸ್ವಪ್ನಿಲ, ಹೊರಗೆ ಚಹಾ ಕುಡಿದು ಆಗಷ್ಟೇ ಒಳಗೆ ಬಂದ. ಸಿಸ್ಟರ್ ಪ್ರಿಯದರ್ಶನಿ ಇಬ್ಬರನ್ನೂ ಕೋಣೆಗೆ ಕರೆದು ಬಾಗಿಲು ಹಾಕಿದಳು.

“ಹಿಂದ ಯಾವಾಗರೆ ಅಲ್ಲಿ ಗಾಯ ಆಗಿತ್ತೇನ್ರಿ ಸಾಹೇಬ್ರ? ನೋವಿಲ್ಲದ್ದು?”

“ಆಗಿತ್ರಿ ಒಂದ. ಮಗ್ಗದ ತಗಡಿನ ಶೆಡ್ಡಿನ ಶಕಿಗಿ, ಮೈ ಕಾದು. ತಾನ ಮಾಯ್ತು.”

“ಶಕಿಗಿ ಅಂಥಾ ಗಾಯ ಆಗೂದಾದ್ರ ಅರ್ಧಾ ಇಚಲಕರಂಜಿ ಇಲ್ಲೇ ಪಾಳಿ ಹಚ್ಚತಿತ್ತು!”

ಆ ಗಾಯ ರುತುಜಾಳಿಗೂ ಗೊತ್ತಿತ್ತು. ಮೈಯ ಉಷ್ಣವೆಂದೇ ನಂಬಿ ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿಸಿದವಳು ಅವಳೇ. ಮಾಯ್ದಾಗ ವೀರಭದ್ರನ ಗುಡಿಗೆ ಹೋಗಿ ತುಪ್ಪದ ದೀಪವನ್ನೂ ಹಚ್ಚಿ ಬಂದಿದ್ದಳು.

“ಗಾಯ ಮಾಯ್ತು, ರೋಗ ರಕ್ತದಾಗ ಉಳೀತು,” ಎಂದಳು ಸಿಸ್ಟರ್. “ಗಂಡ ಹೆಂಡ್ತಿ ಕೂಡಿದಾಗ ಒಬ್ಬರಿಂದ ಒಬ್ಬರಿಗಿ ಹತ್ತತೈತಿ. ಹೊಟ್ಟ್ಯಾಗಿನ ಕೂಸಿಗೂ ಹತ್ತತೈತಿ. ಹಂಗ ಬಿಟ್ರ ಕೂಸು ಒಳಗ ಸಾಯಬಹುದು. ಅಂಜಬ್ಯಾಡ ತಂಗಿ, ಔಷಧ ಐತಿ. ಪೆನಿಸಿಲಿನ್ ಸೂಜಿ; ಇವತ್ತೊಂದು, ಮುಂದ ವಾರವಾರ ಮತ್ತ. ಇವರೂ ರಕ್ತಾ ಕೊಟ್ಟು ಇವತ್ತ ಸೂಜಿ ಮಾಡಿಸ್ಕೋಬೇಕು. ಇಲ್ಲಂದ್ರ ನಿನಗ ವಾಸಿ ಆದದ್ದು ಇವರಿಂದ ಮತ್ತ ಬರತೈತಿ.”

ರುತುಜಾ ಗಂಡನ ಮಾರಿ ನೋಡಿದಳು. “ಯಾರ ಕಡೆ ಹೋಗಿದ್ರಿ?”

ಸ್ವಪ್ನಿಲ ಫ್ಯಾನು ನೋಡಿದ, ನೆಲ ನೋಡಿದ. “ಗೆಳ್ಯಾರ ಜೋಡಿ... ಒಮ್ಮೆ.”

ಅವಳು ಪರದೆಯ ಆಚೆ ಹೋಗಿ ಸೂಜಿ ಮಾಡಿಸಿಕೊಂಡಳು. ಮಂದವಾದ ಔಷಧ, ಇಳಿಯುವಾಗ ಜೀವ ಹಿಂಡಿತು. ಕುಂಟುತ್ತ ಹೊರಬಂದರೆ ಗಂಡ ಕಾಣಲಿಲ್ಲ. ರಕ್ತ ಕೊಡುವ ಪಾಳಿಯಲ್ಲೂ ಇರಲಿಲ್ಲ. ಅಂಗಳದಲ್ಲಿ ಗಾಡಿ ಚಾಲೂ ಮಾಡಿಕೊಂಡು ನಿಂತಿದ್ದ.

“ರಕ್ತಾ ಕೊಟ್ರೇನ್ರಿ?”

“ಆ ಪಾಳ್ಯಾಗ ನಮ್ಮ ಓಣಿ ಬಾಹುಬಲಿ ನಿಂತಾನ. ಅವನ ಕಿವಿಗಿ ಬಿದ್ರ ಊರಿಗೇ ಡಂಗುರ. ನನಗೇನಾಗೇತಿ? ನೋಡು, ಹುಲಿಯಂಗ ಅದೇನಿ.”

“ಹುಲಿ ಬಾಹುಬಲಿಗಿ ಅಂಜತೈತೇನು?”

ಅವನು ಗಾಡಿ ಬಂದ್ ಮಾಡಿದ. ದನಿ ಇಳಿಯಿತು. “ನಾಳೆ ನಿನ್ನ ಕುಬಸ. ಅವ್ವ ಹಸಿರು ಬಳಿ, ಸೀರಿ ತಂದಿಟ್ಟಾಳ. ಮುತ್ತೈದ್ಯಾರು ಉಡಿ ತುಂಬಾಕ ಬರತಾರ. ಅದೊಂದು ಮುಗೀಲಿ, ಆಮ್ಯಾಲ ನೋಡೂಣು. ಅವ್ವ ಕೇಳಿದ್ರ ರಕ್ತ ಕಡಿಮಿ ಅಂತ ಹೇಳು. ಕೈ ಮುಗೀತೇನಿ ರುತುಜಾ, ಗಾಡಿ ಹತ್ತು.”

ಒಳಗೆ ಕೂಸು ಮಗ್ಗಲು ಬದಲಿಸಿತು. ಅವಳು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಮೆಟ್ಟಿಲ ಮೇಲೇ ಕೂತಳು.

“ಅವ್ವನ ಮುಂದ ಏನರೆ ಹೇಳ್ಕೋರಿ. ನೀವು ಸೂಜಿ ಮಾಡಿಸ್ಕೊಳ್ಳೂತನಕ ನಾ ಹತ್ತೂದಿಲ್ಲ.”