ಕಣ್ಣಿಗೊತ್ತಿದ ಕೈ

ಕಾಂದಿವಲಿಯ ಆ ಬಿಲ್ಡಿಂಗಿನಲ್ಲಿ ನಲ್ಲಿಗೆ ನೀರು ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಅಷ್ಟರೊಳಗೆ ಡ್ರಮ್ಮು ತುಂಬಬೇಕು, ಬಕೆಟು ತುಂಬಬೇಕು, ಕುಡಿಯುವ ನೀರಿನ ಕೊಡ ತೊಳೆದು ಅದನ್ನೂ ತುಂಬಬೇಕು. ವಾರಿಜಾ ಪೈಪಿನ ತುದಿಯನ್ನು ಡ್ರಮ್ಮಿಗೆ ಇಳಿಬಿಟ್ಟು ಕೊಡ ಉಜ್ಜುತ್ತಿದ್ದಳು. ಒಳಗಿನಿಂದ ಮಗಳು ಕರೆದಳು.

“ಅಮ್ಮಾ... ಆಂಖ್ ನಹೀ ಖುಲ್ ರಹೀ. ಕಣ್ಣು ಬಿಡ್ಲಿಕ್ಕೆ ಆಗ್ತಿಲ್ಲ.”

“ಶಾಲೆಗೆ ರಜೆ ಹಾಕಿದ್ದಕ್ಕೆ ಕಣ್ಣಿಗೂ ರಜೆಯಾ? ಏಳು, ಏಳು.”

“ಸಚ್ಚೀ ಅಮ್ಮಾ. ಅಂಟಿಕೊಂಡಿದೆ.”

ಆ ದನಿಯಲ್ಲಿ ತಮಾಷೆ ಇರಲಿಲ್ಲ. ವಾರಿಜಾ ಕೊಡವನ್ನು ಅಲ್ಲೇ ಬಿಟ್ಟು ಓಡಿದಳು.

ಎಂಟು ವರ್ಷದ ವಿಜೇತಾ ಹಾಸಿಗೆಯ ಮೇಲೆ ಕುಳಿತು, ಅಮ್ಮನ ಹೆಜ್ಜೆ ಕೇಳಿಸಿದ ಕಡೆಗೆ ಮುಖ ಎತ್ತಿದ್ದಳು. ಎರಡೂ ರೆಪ್ಪೆಗಳ ಅಂಚಿನಲ್ಲಿ ಹಳದಿ ಪಿಸುರು ಒಣಗಿ ಗಟ್ಟಿಯಾಗಿತ್ತು. ವಾರಿಜಾ ನೀರು ಬೆಚ್ಚಗೆ ಮಾಡಿ, ಹತ್ತಿ ಅದ್ದಿ, ನೋವಾಗದ ಹಾಗೆ ಒರೆಸುತ್ತ ಹೋದಳು. ಬಲಗಣ್ಣು ಮೊದಲು ತೆರೆಯಿತು. ಬಿಳಿ ಇರಬೇಕಾದಲ್ಲೆಲ್ಲ ಕೆಂಪು. ಎಡಗಣ್ಣೂ ಅದೇ ಹಾದಿಯಲ್ಲಿತ್ತು.

ಬಚ್ಚಲಲ್ಲಿ ಡ್ರಮ್ಮು ತುಂಬಿ ನೀರು ನೆಲಕ್ಕೆ ಹರಿಯುವ ಸದ್ದು ಕೇಳುತ್ತಿತ್ತು. ವಾರಿಜಾ ಎದ್ದು ಹೋಗಿ ನಲ್ಲಿ ನಿಲ್ಲಿಸಲಿಲ್ಲ, ಎಡಗಣ್ಣು ಒರೆಸುತ್ತಲೇ ಇದ್ದಳು.

ಮರುದಿನ ವಿಜೇತಾಳ ಎಡಗಣ್ಣಿನ ಆಪರೇಷನ್ ಇತ್ತು.

ಆ ಕಣ್ಣಿಗೆ ಪೊರೆ ಬಂದಿದೆ. ಮುದುಕರಿಗೆ ಬರುವ ಪೊರೆ ಮಕ್ಕಳಿಗೂ ಬರುತ್ತದೆ ಎಂದು ವಾರಿಜಾಳಿಗೆ ಗೊತ್ತಾದದ್ದೇ ಈ ವರ್ಷ. ಬಲಗಣ್ಣು ಮುಚ್ಚಿ ನೋಡಿದರೆ ಅಮ್ಮ ಇಡ್ಲಿ ಪಾತ್ರೆಯ ಹಬೆಯ ಹಿಂದೆ ನಿಂತ ಹಾಗೆ ಕಾಣುತ್ತಾಳೆ ಎಂದು ವಿಜೇತಾ ಒಮ್ಮೆ ನಗುತ್ತ ಹೇಳಿದ್ದಳು. ಹೆಚ್ಚು ತಡ ಮಾಡಿದರೆ ಆ ಕಣ್ಣು ನೋಡುವುದನ್ನೇ ಮರೆತುಬಿಡುತ್ತದೆ ಎಂದು ಸಯನ್ ಕಡೆಯ ಆಸ್ಪತ್ರೆಯ ಡಾಕ್ಟರಮ್ಮ ಎಚ್ಚರಿಸಿದ್ದಳು. ಆದರೂ ಆಪರೇಷನ್ ಎರಡು ಸಲ ಮುಂದೆ ಹೋಗಿತ್ತು. ಒಮ್ಮೆ ಶೀತ, ಇನ್ನೊಮ್ಮೆ ಜ್ವರ. ಎರಡು ಸಲವೂ ಚೆಕಪ್ಪಿಗೆಂದು ಲೋಕಲ್‌ನಲ್ಲಿ ಸಯನ್‌ವರೆಗೆ ಹೋಗಿ ಬಂದ ಮೇಲೆಯೇ. ರೋಗ ಇರುವುದು ರೈಲಿನಲ್ಲಿ ಎಂದು ವಾರಿಜಾ ಅಂದೇ ತೀರ್ಮಾನಿಸಿಬಿಟ್ಟಿದ್ದಳು. ಈ ಮಳೆಗಾಲದಲ್ಲಂತೂ ಊರೆಲ್ಲ ಕಣ್ಣುಬೇನೆ.

ಅವಳು ಗಂಡನಿಗೆ ಫೋನ್ ಮಾಡಿದಳು. ಸದಾನಂದ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಕಾಫಿ ಕೌಂಟರು ನೋಡಿಕೊಳ್ಳುವವನು. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟಿರುತ್ತಾನೆ.

“ಕಣ್ಣುಬೇನೆಯಾ? ಅದು ಹೇಗೆ ಬಂತು ಮಾರಾಯ್ತಿ? ಹೋದ ವಾರ ನೀನು ಇಡೀ ಟ್ರೇನಿಗೇ ಸ್ನಾನ ಮಾಡಿಸಿ ಬಂದವಳಲ್ವಾ?”

“ನಿಮಗೆ ತಮಾಷೆ. ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದೆ.”

ಆ ಕಡೆ ಅವನು ಕಪ್ಪುಗಳನ್ನು ಬದಿಗೆ ಸರಿಸಿದ ಸದ್ದು ಕೇಳಿಸಿತು. ಆಮೇಲೆ ಅವನು ಮೆಲ್ಲಗೆ, “ಹೋಗಿ ತೋರಿಸಿ ಬಾ. ಮಗುವಿಗೆ ಬೈಬೇಡ, ಆಯ್ತಾ?” ಎಂದ.

ಬೈಬಾರದು ಎಂದೇ ವಾರಿಜಾ ಅಂದುಕೊಂಡಿದ್ದಳು. ಆದರೆ ಒದ್ದೆ ನೆಲ ಒರೆಸುವಾಗ ಬಾಯಿ ತಡೆಯಲಿಲ್ಲ. “ನಿಜ ಹೇಳು ಮಗಾ. ಹೋದ ವಾರ ರೈಲಿನಲ್ಲಿ ಎಲ್ಲಿಯಾದ್ರೂ ಮುಟ್ಟಿ ಕಣ್ಣು ಉಜ್ಜಿಕೊಂಡ್ಯಾ? ಕಿಟಕಿ? ಸೀಟು?”

“ಇಲ್ಲಮ್ಮ. ನೀನೇ ನನ್ನ ಎರಡೂ ಕೈ ಪಕಡ್ ಕೇ ಕೂತಿದ್ದಿ.”

“ನಾನು ಸ್ಯಾನಿಟೈಸರಿನ ಬಾಟ್ಲಿ ತೆಗೆಯುವಾಗ?”

“ಆಗಲೂ ಇಲ್ಲ. ಅಮ್ಮಾ, ಒಂದು ಕೇಳ್ಲಾ?”

“ಈಗ ಎಂತ ಬೇಡ. ಬೇಗ ಹೊರಡು.”

ಹೋದ ವಾರದ ಆ ಪ್ರಯಾಣ ವಾರಿಜಾಳ ಕಣ್ಣಿಗೆ ಕಟ್ಟಿದ ಹಾಗಿತ್ತು. ಆಪರೇಷನ್‌ಗೆ ಮುಂಚಿನ ಕೊನೆಯ ಚೆಕಪ್ಪು ಅದು. ಪ್ಲಾಟ್‌ಫಾರಂ ಮೇಲೆ ಮಗಳ ಎರಡೂ ಕೈಗಳನ್ನು ದುಪಟ್ಟಾದ ಒಳಗೆ ಸೇರಿಸಿ ಹಿಡಿದಿದ್ದಳು. ಟ್ರೇನು ಬಂತು. ಹತ್ತುವಾಗ ಎಂದಿನ ಹಾಗೆ ಬಾಗಿಲ ನಡುವಿನ ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಆಮೇಲೆ ವಿಜೇತಾಳ ಎರಡು ಕಣ್ಣಿಗೂ ಒತ್ತಿದಳು. ಮದುವೆಯಾಗಿ ಮುಂಬೈಗೆ ಬಂದ ಹೊಸತರಲ್ಲಿ, ಲೇಡೀಸ್ ಡಬ್ಬಿಯ ಹೆಂಗಸರು ದಿನದ ಮೊದಲ ಗಾಡಿಗೆ ಹೀಗೆ ನಮಸ್ಕಾರ ಮಾಡುವುದನ್ನು ನೋಡಿ ಅವಳೂ ಕಲಿತದ್ದು. ಊರಿನಲ್ಲಿ ಕಾಲು ತಾಗಿದ ಪುಸ್ತಕವನ್ನೂ ಕಣ್ಣಿಗೊತ್ತಿಕೊಂಡು ಬೆಳೆದವಳಿಗೆ ಅದು ಹೊಸದೆನಿಸಿರಲಿಲ್ಲ. ಹೊತ್ತು ಹೋಗಿ ಕ್ಷೇಮವಾಗಿ ಇಳಿಸುವ ಗಾಡಿ, ಅಷ್ಟಾದರೂ ಬೇಡವೇ? ಈಗ ಯೋಚಿಸಿ ಮಾಡುವ ಕೆಲಸವಲ್ಲ ಅದು. ಹೊಸಿಲು ದಾಟುವಾಗ ಕಾಲು ತಾನಾಗಿ ಏಳುತ್ತದಲ್ಲ, ಹಾಗೆ.

ಸೀಟು ಸಿಕ್ಕಿದ ಮೇಲೆ ಅವಳ ಕೆಲಸ ಶುರುವಾಗಿತ್ತು. ಬಾಟ್ಲಿ ತೆಗೆದು ಸೀಟು ಒರೆಸಿದಳು, ಕಿಟಕಿಯ ಸರಳು ಒರೆಸಿದಳು, ಎದುರಿನ ಸೀಟಿನ ಹಿಡಿಯನ್ನೂ ಬಿಡಲಿಲ್ಲ. ಕೊನೆಗೆ ಇಬ್ಬರ ಕೈಗೂ ಹಾಕಿ, ಬೆರಳ ಸಂದಿಯವರೆಗೆ ತಿಕ್ಕಿದಳು. ಎದುರಿಗೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸು ನಕ್ಕಳು. “ಕಾಯ್ ತಾಈ, ಗಾಡಿ ಧುವಾಯ್ಲಾ ಆಲಾತ್ ಕಾ?” ಗಾಡಿ ತೊಳೆಯಲಿಕ್ಕೆ ಬಂದಿದ್ದೀರಾ ಎಂಬ ಆ ಮಾತಿಗೆ ಇಡೀ ಡಬ್ಬಿ ನಕ್ಕಿತ್ತು. ನಗಲಿ ಎಂದುಕೊಂಡಿದ್ದಳು ವಾರಿಜಾ. ಅವರ ಮಕ್ಕಳಿಗೆ ಆಪರೇಷನ್ ಇಲ್ಲ.

ಅಷ್ಟೆಲ್ಲ ಮಾಡಿಯೂ ಹೀಗಾಯಿತು.

ಈ ದಿನ ಹತ್ತುವಾಗ ಬೆಳಗಿನ ನೂಕುನುಗ್ಗಲು. ಹಿಂದಿನವರು ದೂಡಿದ ರಭಸಕ್ಕೆ ತಾಯಿ ಮಗಳು ಒಳಗೆ ಬಿದ್ದರು. ಕಂಬಕ್ಕೆ ಕೈ ಎಟುಕಲಿಲ್ಲ, ನಮಸ್ಕಾರ ತಪ್ಪಿತು. ಶುಭಕಾರ್ಯಕ್ಕೆ ಹೊರಟಾಗ ಏನೋ ಮರೆತ ಹಾಗೆ ಅದು ವಾರಿಜಾಳ ಮನಸ್ಸನ್ನು ಕುಟುಕುತ್ತಲೇ ಇತ್ತು. ಕಪ್ಪು ಕನ್ನಡಕ ಹಾಕಿದ ವಿಜೇತಾ ಅವಳ ಹೊಟ್ಟೆಗೆ ಮುಖ ಆನಿಸಿ ನಿಂತಿದ್ದಳು. ದಾದರ್‌ನಲ್ಲಿ ಇಳಿದು ಸೇತುವೆ ಹತ್ತಿ ಇನ್ನೊಂದು ಗಾಡಿ ಹಿಡಿಯುವಾಗಲೂ ಅದೇ ಗದ್ದಲ. ವಾರಿಜಾಳ ಬಲಗಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ನಿದ್ದೆ ಸಾಲದ್ದಕ್ಕೆ ಇರಬೇಕು ಎಂದುಕೊಂಡಳು.

ಡಾಕ್ಟರಮ್ಮ ಟಾರ್ಚ್ ಹಿಡಿದು ನೋಡಿದಳು. ನಿಟ್ಟುಸಿರು ಬಿಟ್ಟು ಹಿಂದಿಯಲ್ಲಿ ಹೇಳಿದಳು. “ನಾಳೆ ಆಗೋದಿಲ್ಲ. ಇದು ಪೂರ್ತಿ ವಾಸಿ ಆಗಬೇಕು, ಆಮೇಲೂ ಸ್ವಲ್ಪ ದಿನ ಕಾಯಬೇಕು.”

“ಎಷ್ಟು ಒರೆಸಿದೆ ಡಾಕ್ಟರ್. ಸೀಟು, ಕಿಟಕಿ, ಎಲ್ಲ. ಅವಳಿಗೆ ಒಂದು ಕಂಬ ಮುಟ್ಟಲಿಕ್ಕೂ ಬಿಟ್ಟಿಲ್ಲ.”

“ಕಂಬ ಮುಟ್ಟಿದರೆ ಪರವಾಗಿಲ್ಲಮ್ಮ. ಆ ಕೈ ಕಣ್ಣಿಗೆ ಹೋಗಬಾರದು, ಅಷ್ಟೇ. ಈ ವೈರಸ್ಸು ಕಬ್ಬಿಣದ ಮೇಲೆ ಕಾಯ್ತಾ ಕೂತಿರುತ್ತೆ. ಅದಕ್ಕೆ ಕಾಲಿಲ್ಲ. ಅದನ್ನು ಕಣ್ಣಿಗೆ ತಲುಪಿಸೋದು ನಮ್ಮ ಬೆರಳು.” ಆಮೇಲೆ ವಿಜೇತಾಳ ಕಡೆ ತಿರುಗಿ ಕೆನ್ನೆ ತಟ್ಟಿದಳು. “ಏನಮ್ಮ, ಕಣ್ಣು ಉಜ್ಜಿಕೊಂಡ್ಯಾ?”

ವಿಜೇತಾ ಇಲ್ಲವೆಂದು ತಲೆಯಾಡಿಸಿದಳು. ಏನೋ ಹೇಳಲು ಬಾಯಿ ತೆರೆದು ಅಮ್ಮನ ಮುಖ ನೋಡಿದಳು. ಮತ್ತೆ ಮುಚ್ಚಿದಳು.

“ಮಕ್ಕಳು ಹಾಗೇ ಹೇಳ್ತಾರೆ,” ಎಂದು ಡಾಕ್ಟರಮ್ಮ ನಕ್ಕು ಔಷಧಿ ಬರೆದಳು. “ಈಗ ಇವಳಿಂದ ಬೇರೆಯವರಿಗೆ ಹರಡದ ಹಾಗೆ ನೋಡಿಕೊಳ್ಳಿ. ನೀವೂ ಹುಷಾರು, ನಿಮ್ಮ ಕಣ್ಣೂ ಕೆಂಪಾಗ್ತಾ ಇದೆ.”

ಹೊರಗೆ ಬೆಂಚಿನ ಮೇಲೆ ಕುಳಿತು ವಾರಿಜಾ ಮಗಳ ಕಣ್ಣಿಗೆ ಮೊದಲ ಹನಿ ಹಾಕಿದಳು. ಔಷಧಿ ಕೆನ್ನೆಯ ಮೇಲೆ ಇಳಿಯಿತು. ಅದರಲ್ಲಿ ಔಷಧಿ ಎಷ್ಟು, ಅಳು ಎಷ್ಟು ಎಂದು ತಿಳಿಯುವ ಹಾಗಿರಲಿಲ್ಲ.

“ಅಮ್ಮಾ, ಪಪ್ಪಾ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸ್ತೇನೆ ಹೇಳಿದ್ರು. ಆಪರೇಷನ್ ಆದ ಮೇಲೆ.”

“ಕೊಡಿಸ್ತಾರೆ ಬಂಗಾರಿ. ಸ್ವಲ್ಪ ದಿನ ತಡ.”

“ನನ್ನ ಕಣ್ಣು ಮರೀತದಾ ಅಷ್ಟರಲ್ಲಿ?”

“ಇಲ್ಲ. ನಾವು ದಿನಾ ಅದಕ್ಕೆ ನೆನಪು ಮಾಡಿಸುವಾ.” ಹೇಳಿದ ಮೇಲೆ ತಡೆಯಲಾಗಲಿಲ್ಲ, ಮಾತು ಜಾರಿತು. “ನೀನು ಆ ದಿನ ಕಣ್ಣಿಗೆ ಕೈ ಹಾಕದೆ ಇದ್ದಿದ್ರೆ ನಾಳೆ ಎಲ್ಲ ಮುಗೀತಿತ್ತು ಮಗಾ.”

ವಿಜೇತಾ ತಲೆ ತಗ್ಗಿಸಿದಳು. ತನ್ನ ಎರಡು ಅಂಗೈಗಳನ್ನು ಬಹಳ ಹೊತ್ತು ನೋಡಿಕೊಂಡಳು. ಅವು ಏನು ತಪ್ಪು ಮಾಡಿವೆ ಎಂದು ಹುಡುಕುವ ಹಾಗೆ. ವಾರಿಜಾಳಿಗೆ ಹೇಳಿದ ಕೂಡಲೇ ನೋವಾಯಿತು. ಆ ಕೈಗಳನ್ನು ಎತ್ತಿ ಮುತ್ತು ಕೊಡಬೇಕೆನಿಸಿತು. ಆದರೆ ಈಗ ಅದಕ್ಕೂ ಹೆದರಿಕೆ.

ಮಧ್ಯಾಹ್ನದ ಸಯನ್ ಸ್ಟೇಷನ್ನಿನಲ್ಲಿ ಜನ ಕಡಿಮೆ. ಗಾಡಿ ಬಂದು ನಿಂತಾಗ ಲೇಡೀಸ್ ಡಬ್ಬಿಯಲ್ಲಿ ಇಬ್ಬರೋ ಮೂವರೋ ತೂಕಡಿಸುತ್ತಿದ್ದರು. ವಾರಿಜಾ ಮಗಳನ್ನು ಮೊದಲು ಹತ್ತಿಸಿ ತಾನೂ ಹತ್ತಿದಳು. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಮನೆಯಲ್ಲಿ ತುಂಬದೆ ಬಿಟ್ಟುಬಂದ ಕೊಡ ನೆನಪಾಯಿತು. ಈ ಸಲವಾದರೂ ನಮಸ್ಕಾರ ತಪ್ಪದಿರಲಿ. ಇನ್ನೊಂದು ತಾರೀಕು ಬೇಗ ಸಿಗಲಿ, ಆಗಲಾದರೂ ಏನೂ ಅಡ್ಡ ಬಾರದಿರಲಿ. ಅವಳು ಬಾಗಿಲ ನಡುವಿನ ಕಂಬವನ್ನು ಬಲಗೈಯಿಂದ ಮುಟ್ಟಿದಳು. ಸಾವಿರಾರು ಕೈಗಳು ಹಿಡಿದು ನುಣುಪಾದ ಕಂಬ, ತಣ್ಣಗೆ, ಸ್ವಲ್ಪ ಅಂಟು. ಬೆರಳುಗಳನ್ನು ತನ್ನ ಕಣ್ಣಿಗೊತ್ತಿಕೊಂಡಳು. ಆಮೇಲೆ ಬಗ್ಗಿ ಮಗಳ ಕಪ್ಪು ಕನ್ನಡಕವನ್ನು ಎಡಗೈಯಿಂದ ಮೆಲ್ಲಗೆ ಮೇಲೆತ್ತಿ, ಬಲಗೈಯನ್ನು ಅವಳ ಕಣ್ಣಿನ ಕಡೆಗೆ ತಂದಳು.

ವಿಜೇತಾ ಎರಡೂ ಕೈಗಳಿಂದ ಅಮ್ಮನ ಮಣಿಕಟ್ಟನ್ನು ಹಿಡಿದುಕೊಂಡಳು. ಗಟ್ಟಿಯಾಗೇನೂ ಅಲ್ಲ. ಗಾಡಿ ಹೊರಟಿತು. ಇಬ್ಬರೂ ಒಮ್ಮೆ ತೂಗಿ ನಿಂತರು. ವಾರಿಜಾಳ ಬೆರಳುಗಳು ಮಗಳ ಕೆಂಪು ಕಣ್ಣಿನ ಎದುರಿಗೆ ಹಾಗೇ ನಿಂತಿದ್ದವು.

“ಎಂತ ಮಗಾ?”

ಮಗಳ ದನಿಯಲ್ಲಿ ದೂರಿರಲಿಲ್ಲ. ಬೆಳಗಿನಿಂದ ಬಾಯೊಳಗೆ ಇಟ್ಟುಕೊಂಡದ್ದನ್ನು ಅಮ್ಮನಿಗೆ ನೋವಾಗದ ಹಾಗೆ ಹೊರಗೆ ಇಡುವುದು ಹೇಗೆಂದು ಅವಳು ಶಬ್ದ ಹುಡುಕುತ್ತಿದ್ದಳು.

“ಅಮ್ಮಾ, ಆ ದಿನ ನೀನು ಹೀಗೇ ನನ್ನ ಕಣ್ಣಿಗೆ ಒತ್ತಿದ್ದಿಯಲ್ಲ... ಅದು ಬಾಟ್ಲಿಯದ್ದು ಕೈಗೆ ಹಾಕುವ ಮೊದಲಾ, ಆಮೇಲಾ?”