ಮಿಲಿಯಾ ಅಜ್ಜಿಯ ನಲ್ಲಿ

ಅಂಜೂರದ ಎಲೆಯ ವಾಸನೆ, ಬಿಸಿಲಿಗೆ ಕಾದದ್ದು, ಅದರ ಬೆನ್ನಿಗೇ ಉಪ್ಪುಗಾಳಿ — ಸಮುದ್ರ ಬಲಗಡೆಗಿದೆ, ಹೌದು, ಬಲಗಡೆಗೇ, ಆಗ ಒಂಬತ್ತು ವರ್ಷದವಳಾಗಿದ್ದವಳ ಕಾಲು ಏನನ್ನೂ ಮರೆತಿಲ್ಲ, ದೆಸ್ಪುಲ್ಲಾ ಓಡಬಾರದು, ನಗರಸಭೆ ಸದಸ್ಯೆಯಾದವಳು ಬೀದಿಯಲ್ಲಿ ಓಡಿದರೆ ಏನು ಚೆನ್ನ, ಆದರೆ ಕಾಲು ಕೇಳಬೇಕಲ್ಲ, ಮೊನ್ನೆ ತಾನೇ ಗೆದ್ದಿದ್ದಾಳೆ, ಇದೇ ವರೋಶದ ನಗರಸಭೆಗೆ, ಗೆದ್ದ ಊರನ್ನು ನೋಡಲು ಗಡಿಯಲ್ಲಿ ಗುರುತಿನ ಚೀಟಿ ತೋರಿಸಿ ಬಂದಿದ್ದಾಳೆ, ಬಾಡಿಗೆ ಸೈಕಲ್ಲಿನ ಪ್ರವಾಸಿಗಳ ಜೊತೆ. ಮತಪೆಟ್ಟಿಗೆ ಇಟ್ಟದ್ದು ದ್ವೀಪದ ಗ್ರೀಕರ ಕಡೆ, ಲಿಮಾಸೊಲ್‌ನ ಶಾಲೆಯಲ್ಲಿ, ಮತ ಹಾಕಿದವರು ಐವತ್ತು ವರ್ಷದ ಹಿಂದೆ, ಯುದ್ಧದ ವರ್ಷ, ಇಲ್ಲಿಂದ ಓಡಿದವರು, ಅವರ ಮಕ್ಕಳು, ಊರು ಮಾತ್ರ ಬೇಲಿಯ ಆಚೆ, ಅಂದಿನಿಂದ ಖಾಲಿ, ತುರ್ಕಿ ಸೈನ್ಯದ ಕೈಯಲ್ಲಿ — ಗಂಡ ಹಂಬಿಸ್‌ಗೆ ನಗುವೋ ನಗು, ಬೇರೆ ಊರಲ್ಲಿ ಚರಂಡಿ ಕಟ್ಟಿಕೊಂಡ್ರೆ ಸದಸ್ಯರನ್ನ ಹಿಡ್ಕೊಂಡು ಬೈತಾರೆ, ನಿಂಗೆ ಬೈಸ್ಕೊಳ್ಳೋಕೂ ಒಂದು ಚರಂಡಿ ಇಲ್ಲ, ಪುಣ್ಯ ಮಾಡಿದ್ದೀಯ ಕಣೇ. ನಗಲಿ, ಚರಂಡಿ ಇಲ್ಲದಿದ್ದರೇನು, ನಲ್ಲಿ ಇದೆ, ಮತ ಕೇಳಲು ಹೋದಲ್ಲೆಲ್ಲ ಊರಿಗೆ ಯಾವಾಗ ಕರ್ಕೊಂಡು ಹೋಗ್ತೀಯ ಅಂದರು, ಅದಕ್ಕೆ ಉತ್ತರ ಸುಲಭ, ಬೇಗ ಅಂದರಾಯಿತು, ಎಲ್ಲರೂ ಅದನ್ನೇ ಹೇಳುತ್ತ ಬಂದಿದ್ದಾರೆ, ಇಲ್ಲಿ ಪಕ್ಕದ ಮನೆಯವಳಾಗಿದ್ದ ಮಿಲಿಯಾ ಅಜ್ಜಿ ಮಾತ್ರ ಹಿಡಿದ ಕೈ ಬಿಡಲಿಲ್ಲ, ನಂಗೆ ಊರು ಬೇಡ ಮಗಳೇ, ನನ್ನ ನಲ್ಲಿ ನಿಲ್ಲಿಸಿ ಬಾ, ಮಲ್ಲಿಗೆ ಬುಡಕ್ಕೆ ಸಣ್ಣಗೆ ಬಿಟ್ಟಿದ್ದೆ, ವಿಮಾನ ಬಂತು, ಸಾಯಂಕಾಲ ಬಂದು ನಿಲ್ಲಿಸೋಣ ಅಂತ ಓಡಿದ್ವಿ. ಆ ಸಾಯಂಕಾಲ ಇನ್ನೂ ಆಗಿಲ್ಲ. ಅಂದು ಅಜ್ಜಿ ನಲ್ಲಿ ಬಿಟ್ಟದ್ದನ್ನು ದೆಸ್ಪುಲ್ಲಾ ಕಂಡಿದ್ದಳು, ಗೋಡೆಯ ಮೇಲೆ ಕೂತು, ಬಗ್ಗಿದ ಬೆನ್ನು, ನಲ್ಲಿಯ ಮೇಲೆ ಒಂದು ಕೈ, ಈಗಲೂ ಅಜ್ಜಿ ಎಲ್ಲಿ ನೀರಿನ ಸದ್ದು ಕೇಳಿದರೂ ಎದ್ದುಬಿಡುತ್ತಾಳೆ, ಮಗಳ ಮನೆಯ ನಲ್ಲಿಗಳನ್ನು ತಿರುಗಿಸಿ ತಿರುಗಿಸಿ ವಾಷರುಗಳನ್ನೇ ಸವೆಸಿದ್ದಾಳೆ. ನೀರು ಎಂದೋ ನಿಂತಿರುತ್ತೆ ಅಜ್ಜಿ, ಅಂದದ್ದಕ್ಕೆ, ನಿಂತಿರುತ್ತೆ ಕಣೇ, ನಂಗೊತ್ತಿಲ್ವೇ, ನಾನು ನಿಲ್ಲಿಸಿಲ್ವಲ್ಲ. ಅಜ್ಜಿಗೆ ಮಾತು ಕೊಟ್ಟಾಗಿದೆ.

ದರ್ಜಿ ಅಂಗಡಿ, ಬೋರ್ಡಿನಲ್ಲಿ ಎರಡೇ ಅಕ್ಷರ ಉಳಿದಿವೆ, ಇಲ್ಲೇ ತಿರುಗಬೇಕು, ತಿರುಗಿದರೆ ಗಲ್ಲಿ, ಗಲ್ಲಿಗೆ ಅಡ್ಡ ಹಗ್ಗ, ಅದರಾಚೆ, ಅಯ್ಯೋ ದೇವರೇ, ಅಜ್ಜಿಯ ಮನೆ, ಹಸಿರು ಕಿಟಕಿ ಅಲ್ಲೇ ಇದೆ, ನಗುವೂ ಅಳುವೂ ಒಟ್ಟಿಗೇ ಬರುತ್ತಿವೆ, ಹಗ್ಗದಡಿ ನುಸುಳಿದ್ದೇ ತಡ ಸೀಟಿ, ಪೊಲೀಸಿನವನು, ಯಾರಮ್ಮ ನೀವು, ತುರ್ಕಿ ಕಡೆಯವನಾದರೂ ಗ್ರೀಕಿನಲ್ಲಿ ಕೇಳುತ್ತಾನೆ, ಅದೂ ಲಿಮಾಸೊಲ್‌ನ ರಾಗದಲ್ಲಿ, ಇವನ ಹೆತ್ತವರು ಅದೇ ಯುದ್ಧದಲ್ಲಿ ಅಲ್ಲಿಂದ ಇತ್ತ ಓಡಿಬಂದವರಿರಬೇಕು. ನಾನು ಈ ಊರಿನ ನಗರಸಭೆ ಸದಸ್ಯೆ. ಅವನಿಗೆ ನಗು, ಈ ಊರು ತಮ್ದು ಅನ್ನೋ ನಗರಸಭೆ ನಮ್ಮ ಕಡೇನೂ ಒಂದಿದೆ, ಸೈನ್ಯದವರನ್ನ ಕೇಳದೆ ಅವ್ರೂ ಒಂದು ಕಲ್ಲು ಎತ್ತೋ ಹಾಗಿಲ್ಲ. ಒಂದೂರಿಗೆ ಎರಡು ನಗರಸಭೆ, ಒಂದು ನಲ್ಲಿ ನಿಲ್ಲಿಸುವವರಿಲ್ಲ, ಅದನ್ನೇ ಹೇಳಿದಳು, ಒಂದು ನಲ್ಲಿ ನಿಲ್ಲಿಸ್ಬೇಕಪ್ಪ, ನಮ್ಮಜ್ಜಿ ಬಿಟ್ಟು ಬಂದಿದ್ದಾಳೆ. ಅವನು ಅವಳ ಮುಖವನ್ನೇ ನೋಡಿದ, ಆಮೇಲೆ ಸಮುದ್ರದ ಕಡೆ ತಿರುಗಿ ನಿಂತ, ಬೇಗ ಅಮ್ಮ.

ಅಂಜೂರ ಗೋಡೆಯನ್ನು ಸೀಳಿ ಮೇಲೆದ್ದಿದೆ, ಮಲ್ಲಿಗೆ ಒಣಕಾಂಡ, ನಲ್ಲಿ ಇದೆ, ಹಿತ್ತಾಳೆ ಹಸಿರುಗಟ್ಟಿದೆ, ಬಗ್ಗಿದಳು, ಹಿಡಿದಳು, ಬಲಕ್ಕೆ ತಿರುವಿದಳು, ಅಲುಗಲಿಲ್ಲ, ಕಿಲುಬು ಕಚ್ಚಿರಬೇಕು, ಎರಡೂ ಕೈ ಹಾಕಿದಳು, ಊಹೂಂ, ಸುಮ್ಮನೆ ಎಡಕ್ಕೆ ತಿರುವಿದರೆ ಕಿರ್ ಎಂದು ಬಿಚ್ಚಿಕೊಂಡಿತು, ಬಿಚ್ಚಿಕೊಂಡಿತು ಎಂದರೆ — ಮೊದಲೇ ನಿಂತಿತ್ತು, ಬಿಗಿಯಾಗಿ ನಿಲ್ಲಿಸಿದ್ದರು, ಅಜ್ಜಿ ಓಡಿದ ಮೇಲೆ ಯಾರೋ, ಕೋವಿ ಹೆಗಲಿಗೇರಿಸಿದ ಸೈನಿಕನೋ, ಬಾಗಿಲು ಕಿತ್ತು ಹೊತ್ತೊಯ್ದ ಕಳ್ಳನೋ, ನೀರು ಪೋಲು ಮಾಡ್ಬೇಡ ಕಣೋ ಅನ್ನುವ ತಾಯಿ ಅವನಿಗೂ ಇದ್ದಳೇನೋ, ಅಜ್ಜಿಗೆ ಏನು ಹೇಳಲಿ, ನಿಲ್ಲಿಸಿದೆ ಅನ್ನಲೇ, ನಿಂತಿತ್ತು ಅನ್ನಲೇ, ಬೇಗ ಅಮ್ಮ ಅನ್ನುತ್ತಿದ್ದಾನೆ ಪೊಲೀಸಿನವನು, ಮತ್ತೆ ಬಲಕ್ಕೆ ತಿರುವುತ್ತಾಳೆ, ಅಂದು ಆ ಯಾರೋ ತಿರುವಿದಷ್ಟೇ, ಮಲ್ಲಿಗೆಯ ಬುಡ ಆಗಿನ್ನೂ ಒದ್ದೆ, ಊರೆಲ್ಲ ಖಾಲಿ, ಬಗ್ಗಿದ ಬೆನ್ನು, ನಲ್ಲಿಯ ಮೇಲೆ ಒಂದು ಕೈ, ಯಾರದೋ, ಬಗ್ಗಿದ ಬೆನ್ನು, ನಲ್ಲಿಯ ಮೇಲೆ ಒಂದು ಕೈ